ಪಕ್ಕದಲ್ಲೇ ಬಿದ್ದಿದ್ದ ಹೊಸ ಹಳಿ: ಬ್ರಿಟನ್ ರೈಲ್ವೆ ಖಾಸಗೀಕರಣದ ಒಂದು ಪ್ರಕರಣ

ಲಂಡನ್‌ನಿಂದ ಉತ್ತರಕ್ಕೆ ಹೋಗುವ ಮುಖ್ಯ ರೈಲು ದಾರಿಯಲ್ಲಿ, ಹ್ಯಾಟ್‌ಫೀಲ್ಡ್ ಸ್ಟೇಷನ್‌ಗೆ ಸ್ವಲ್ಪ ಮುಂಚೆ ಒಂದು ತಿರುವಿದೆ. 2000ನೇ ಇಸವಿಯ ಏಪ್ರಿಲ್‌ನಲ್ಲಿ ಆ ತಿರುವಿನ ಪಕ್ಕಕ್ಕೆ ಹೊಸ ಹಳಿಗಳನ್ನು ತಂದು ಇಳಿಸಿದರು. ಹಳೇ ಹಳಿ ಬಿರುಕು ಬಿಟ್ಟಿತ್ತು. ಬದಲಾಯಿಸಬೇಕು ಅಂತ ತೀರ್ಮಾನವೂ ಆಗಿತ್ತು. ಮೇ ಹೋಯಿತು, ಜೂನ್ ಹೋಯಿತು, ಬೇಸಿಗೆಯೇ ಮುಗಿಯಿತು. ಹೊಸ ಹಳಿ ಅಲ್ಲೇ ಬಿದ್ದಿತ್ತು. ಅದರ ಪಕ್ಕದಲ್ಲಿ, ಹಳೇ ಹಳಿಯ ಮೇಲೆ, ರೈಲುಗಳು ಗಂಟೆಗೆ 115 ಮೈಲಿ, ಅಂದರೆ ಸುಮಾರು 185 ಕಿ.ಮೀ. ವೇಗದಲ್ಲಿ ಓಡುತ್ತಲೇ ಇದ್ದವು.

ಅಕ್ಟೋಬರ್ 17ರ ಮಧ್ಯಾಹ್ನ 12 ಗಂಟೆ 23 ನಿಮಿಷಕ್ಕೆ ಆ ಹಳಿ ಒಡೆಯಿತು.

ರೈಲ್ವೆ ಖಾಸಗೀಕರಣ ಅಂದ ಕೂಡಲೇ ಮಾತು ಎರಡು ಗುಂಪಾಗುತ್ತದೆ. ಮಾರಬೇಕು ಅನ್ನುವವರು ಒಂದು ಕಡೆ, ಮಾರಬಾರದು ಅನ್ನುವವರು ಇನ್ನೊಂದು ಕಡೆ. ಈ ಬರಹ ಆ ಜಗಳಕ್ಕಲ್ಲ. ಒಂದು ದೊಡ್ಡ ವ್ಯವಸ್ಥೆಯನ್ನು ತುಂಡು ಮಾಡುವಾಗ ಕತ್ತರಿ ಎಲ್ಲಿ ಹಾಕಿದರು, ಹಾಕಿದ ಜಾಗದಲ್ಲಿ ಏನಾಯಿತು ಅನ್ನುವುದನ್ನು ಈ ಒಂದು ಹಳಿಯ ಕಥೆಯಲ್ಲಿ ನೋಡುವುದಷ್ಟೇ ಉದ್ದೇಶ. ಅಪಘಾತ ಜಗತ್ತಿಗೇ ಗೊತ್ತಿರುವುದರಿಂದ ಊರಿನ ಹೆಸರು, ರೈಲ್‌ಟ್ರ್ಯಾಕ್ ಎಂಬ ಕಂಪನಿಯ ಹೆಸರು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಉಳಿದವರನ್ನು ಅವರ ಕೆಲಸದಿಂದಲೇ ಕರೆಯುತ್ತೇನೆ: ಹಳಿ ನೋಡಿಕೊಳ್ಳುವ ಗುತ್ತಿಗೆ ಕಂಪನಿ, ಹಳಿ ಬದಲಾಯಿಸುವ ಗುತ್ತಿಗೆ ಕಂಪನಿ, ರೈಲು ಓಡಿಸುವ ಕಂಪನಿ. ಯಾರು ತಪ್ಪು ಮಾಡಿದರು ಅನ್ನುವುದಕ್ಕಿಂತ ಯಾವ ಮೇಜಿನ ಮೇಲೆ ಯಾವ ತೀರ್ಮಾನ ನಿಂತುಹೋಯಿತು ಅನ್ನುವುದು ಇಲ್ಲಿ ಜಾಸ್ತಿ ಕಲಿಸುತ್ತದೆ.

ಒಂದು ಮನೆ, ನೂರು ಪಾಲು

ಬ್ರಿಟನ್ನಿನ ರೈಲ್ವೆ ಸರ್ಕಾರದ ಕೈಗೆ ಬಂದಿದ್ದು 1948ರ ಜನವರಿ 1ರಂದು. ಅದಕ್ಕೆ ಮುಂಚೆ ಅಲ್ಲಿ ನಾಲ್ಕು ದೊಡ್ಡ ಖಾಸಗಿ ಕಂಪನಿಗಳಿದ್ದವು. ಒಂದೊಂದಕ್ಕೂ ತನ್ನದೇ ಪ್ರದೇಶ, ತನ್ನದೇ ಹಳಿ, ತನ್ನದೇ ಇಂಜಿನ್. 1990ರ ದಶಕದಲ್ಲಿ ಮತ್ತೆ ಖಾಸಗಿಗೆ ಕೊಡುವ ಮಾತು ಬಂದಾಗ ಪ್ರಧಾನಿ ಜಾನ್ ಮೇಜರ್ ಅವರಿಗೆ ಆ ಹಳೇ ಮಾದರಿಯ ಮೇಲೇ ಒಲವಿತ್ತು. ಆದರೆ ಖಜಾನೆ ಇಲಾಖೆಯವರ ಲೆಕ್ಕ ಬೇರೆ. ಒಂದು ಪ್ರದೇಶ ಪೂರ್ತಿ ಒಂದು ಕಂಪನಿಗೆ ಕೊಟ್ಟರೆ ಪೈಪೋಟಿ ಎಲ್ಲಿಂದ ಬರಬೇಕು? ಹಳಿಯನ್ನು ಒಬ್ಬರಿಗೆ ಕೊಡಿ, ಅದರ ಮೇಲೆ ರೈಲು ಓಡಿಸುವ ಹಕ್ಕನ್ನು ಹರಾಜಿಗಿಡಿ ಅನ್ನುವುದು ಅವರ ವಾದ. ಆ ವಾದವೇ ಗೆದ್ದಿತು. 1993ರ ನವೆಂಬರ್‌ನಲ್ಲಿ ರೈಲ್ವೆ ಕಾಯ್ದೆ ಬಂತು.

1994ರ ಏಪ್ರಿಲ್ 1ಕ್ಕೆ ಹಳಿ, ಸಿಗ್ನಲ್, ಸೇತುವೆ, ಸುರಂಗ, ಸ್ಟೇಷನ್ ಎಲ್ಲವೂ ರೈಲ್‌ಟ್ರ್ಯಾಕ್ ಎಂಬ ಹೊಸ ಕಂಪನಿಗೆ ಹೋದವು. ಪ್ರಯಾಣಿಕರ ರೈಲು ಓಡಿಸಲು 25 ಫ್ರಾಂಚೈಸಿಗಳಾದವು, ಅಂದರೆ ಇಂತಿಷ್ಟು ವರ್ಷಕ್ಕೆ ರೈಲು ಓಡಿಸುವ ಗುತ್ತಿಗೆಗಳು. ಬೋಗಿ, ಇಂಜಿನ್‌ಗಳೆಲ್ಲ ಮೂರು ಬಾಡಿಗೆ ಕಂಪನಿಗಳ ಪಾಲಾದವು. ರೈಲು ಓಡಿಸುವವರು ಅವರಿಂದ ಬಾಡಿಗೆಗೆ ತಂದು ಓಡಿಸಬೇಕು. ಗೂಡ್ಸ್ ಬೇರೆ. ಹಳಿ ನೋಡಿಕೊಳ್ಳುವ ಕೆಲಸಕ್ಕೆ ಏಳು ಕಂಪನಿ, ಹಳಿ ಬದಲಾಯಿಸುವುದಕ್ಕೆ ಇನ್ನೂ ಆರು. ಡರ್ಬಿಯಲ್ಲಿ ಗಾಲಿ, ಹಳಿಗಳ ಬಗ್ಗೆ ದಶಕಗಳಿಂದ ಅಧ್ಯಯನ ಮಾಡುತ್ತಿದ್ದ ರೈಲ್ವೆಯ ಸಂಶೋಧನಾ ಕೇಂದ್ರವನ್ನೂ 1996ರಲ್ಲಿ ಮಾರಿದರು. ಒಟ್ಟು ಸುಮಾರು ನೂರು ತುಂಡು. ಸರ್ಕಾರ ಎಷ್ಟು ಅವಸರದಲ್ಲಿತ್ತು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 1996ರ ಜನವರಿಯಲ್ಲಿ 52.8 ಕೋಟಿ ಪೌಂಡ್‌ಗೆ ಮಾರಿದ ಒಂದು ಬಾಡಿಗೆ ಕಂಪನಿ ಅದೇ ವರ್ಷ 82.5 ಕೋಟಿ ಪೌಂಡ್‌ಗೆ ಕೈ ಬದಲಾಯಿತು.

ಖಾಸಗಿ ರೈಲು ಓಡಲು ಶುರುವಾದದ್ದು 1996ರ ಫೆಬ್ರವರಿ 4ರಂದು. ಆ ದಿನ ಮೊದಲು ಹೊರಡಬೇಕಾಗಿದ್ದು ವೇಲ್ಸ್‌ನ ಫಿಶ್‌ಗಾರ್ಡ್‌ನಿಂದ ಲಂಡನ್‌ಗೆ ಹೋಗುವ ನಡುರಾತ್ರಿಯ ರೈಲು. ಹಳಿ ಕೆಲಸ ನಡೆಯುತ್ತಿದ್ದ ಕಾರಣ ಮೊದಲ ಹಂತದಲ್ಲಿ ರೈಲಿನ ಬದಲು ಬಸ್ ಹೊರಟಿತು. ಬ್ರಿಟನ್ನಿನ ಜನ ಇದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಸರ್ಕಾರಿ ರೈಲ್ವೆ ಏನೂ ಸ್ವರ್ಗವಾಗಿರಲಿಲ್ಲ. 1988ರ ಡಿಸೆಂಬರ್ 12ರಂದು ಲಂಡನ್ನಿನ ಕ್ಲ್ಯಾಪಮ್ ಜಂಕ್ಷನ್‌ನಲ್ಲಿ ರೈಲುಗಳು ಡಿಕ್ಕಿಯಾಗಿ ಸತ್ತವರು 35 ಜನ. ಸಿಗ್ನಲ್ ಪೆಟ್ಟಿಗೆಯಲ್ಲಿ ತೆಗೆಯದೇ ಬಿಟ್ಟ ಒಂದು ಹಳೇ ವೈರ್ ಅದಕ್ಕೆ ಕಾರಣ. ಆ ವೈರಿಂಗ್ ಮಾಡಿದ ಕೆಲಸಗಾರನಿಗೆ ಹಿಂದಿನ 13 ವಾರಗಳಲ್ಲಿ ಸಿಕ್ಕಿದ್ದು ಒಂದೇ ದಿನ ರಜೆ. ಆಗ ಎಲ್ಲವೂ ಒಂದೇ ಮನೆಯಲ್ಲಿತ್ತು, ಆದರೂ ಹೀಗಾಯಿತು. ಖಾಸಗೀಕರಣದ ನಂತರದ ವರ್ಷಗಳಲ್ಲಿ ರೈಲು ಅಪಘಾತಗಳ ಪ್ರಮಾಣ ಮುಂಚಿನಂತೆಯೇ ಇಳಿಯುತ್ತಾ ಹೋಗಿದೆ ಅನ್ನುವುದೂ ನಿಜ. ಹಾಗಾಗಿ "ಖಾಸಗಿ ಆಯಿತು, ಅದಕ್ಕೇ ಜನ ಸತ್ತರು" ಅನ್ನುವ ಸುಲಭದ ಮಾತು ಈ ಪ್ರಕರಣಕ್ಕೆ ಹೊಂದುವುದಿಲ್ಲ.

ಉಗುರಿನಷ್ಟು ಜಾಗ

ಅಷ್ಟು ಭಾರದ ರೈಲು ಹಳಿಗೆ ತಾಗುವುದು ಎಷ್ಟು ಜಾಗದಲ್ಲಿ ಗೊತ್ತಾ? ಒಂದೊಂದು ಗಾಲಿಗೂ ಹೆಬ್ಬೆರಳ ಉಗುರಿನಷ್ಟು. ಅಷ್ಟೇ. ರೈಲ್ವೆಯ ಎಲ್ಲ ವಿದ್ಯೆಯೂ ಕೊನೆಗೆ ಬಂದು ನಿಲ್ಲುವುದು ಆ ಉಗುರಗಲದ ಜಾಗದಲ್ಲೇ.

ತಿರುವಿನಲ್ಲಿ ರೈಲು ಹೊರಗಿನ ಹಳಿಯನ್ನು ಒತ್ತಿಕೊಂಡು ಹೋಗುತ್ತದೆ. ಹಳಿಯ ತಲೆಯ ಒಳಮೂಲೆ ಗಾಲಿಗೆ ಉಜ್ಜುತ್ತದೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಅಲ್ಲಿ ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಏಳುತ್ತವೆ. ಮೀನಿನ ಮೈಯ ಹುರುಪೆಯ ಹಾಗೆ ಕಾಣುತ್ತವೆ. ಮೊದಮೊದಲು ಮೇಲೆ ಮೇಲೆ ಓಡುವ ಈ ಬಿರುಕು ಒಂದು ಹಂತ ದಾಟಿದ ಮೇಲೆ ಕೆಳಗೆ ತಿರುಗಿ ಹಳಿಯ ಹೊಟ್ಟೆಗೆ ಇಳಿಯುತ್ತದೆ. ಅಪಾಯ ಶುರುವಾಗುವುದು ಆಗ. ಶಬ್ದದ ತರಂಗ ಕಳಿಸಿ ಒಳಗಿನ ಬಿರುಕು ಹುಡುಕುವ ಯಂತ್ರ ಇದೆ. ಆದರೆ ಮೇಲಿನ ಬಿರುಕು ದಟ್ಟವಾಗಿದ್ದರೆ ತರಂಗ ಅಲ್ಲೇ ಚದುರಿ ಹೋಗುತ್ತದೆ, ಕೆಳಗೇನಿದೆ ಅಂತ ಗೊತ್ತಾಗುವುದೇ ಇಲ್ಲ. ಮೇಲೆ ಹೆಚ್ಚು ಹಾಳಾದಷ್ಟೂ ಒಳಗಿನದು ಕಮ್ಮಿ ಕಾಣುತ್ತದೆ. ಇಂಥ ಹಳಿಗೆ ಮದ್ದು ಮೂರೇ. ಬೇಗ ಗೊತ್ತಾದರೆ ಮೇಲ್ಮೈ ಉಜ್ಜಿ ತೆಗೆಯುವುದು, ತಡವಾಗಿ ಗೊತ್ತಾದರೆ ಹಳಿಯನ್ನೇ ಬದಲಾಯಿಸುವುದು, ಬದಲಾಯಿಸುವ ತನಕ ರೈಲನ್ನು ನಿಧಾನ ಮಾಡುವುದು.

ಈಗ ಕತ್ತರಿ ಹಾಕಿದ ಜಾಗ ನೋಡಿ. ಗಾಲಿ ಬಾಡಿಗೆ ಕಂಪನಿಯದು. ಅದನ್ನು ಓಡಿಸುವವರು ಇನ್ನೊಬ್ಬರು. ಹಳಿ ರೈಲ್‌ಟ್ರ್ಯಾಕ್‌ದು. ಹಳಿಯನ್ನು ಕಣ್ಣಲ್ಲಿ ನೋಡುವವರು ಮತ್ತೊಬ್ಬರು, ಬದಲಾಯಿಸುವವರು ಮಗದೊಬ್ಬರು. ಗಾಲಿಯ ಆಕಾರ ಹಳಿಗೆ ಏನು ಮಾಡುತ್ತದೆ, ಹಳಿಯ ಸವೆತ ಗಾಲಿಗೆ ಏನು ಮಾಡುತ್ತದೆ ಅಂತ ಎರಡನ್ನೂ ಕೂಡಿಸಿ ಯೋಚಿಸುತ್ತಿದ್ದ ಸಂಶೋಧಕರು ಮಾರಾಟವಾದ ಇನ್ನೊಂದು ಕಂಪನಿಯಲ್ಲಿ. ಆ ಉಗುರಗಲದ ಜಾಗದ ಎರಡೂ ಕಡೆಗೆ ಬೇರೆ ಬೇರೆ ಯಜಮಾನರು ಬಂದಿದ್ದರು, ನಡುವಿನ ಜಾಗಕ್ಕೆ ಮಾತ್ರ ಯಜಮಾನ ಇರಲಿಲ್ಲ.

1987ರಲ್ಲಿ ಜಪಾನ್ ತನ್ನ ರಾಷ್ಟ್ರೀಯ ರೈಲ್ವೆಯನ್ನು ಒಡೆದಾಗ ಈ ಜಾಗದಲ್ಲಿ ಕತ್ತರಿ ಹಾಕಲಿಲ್ಲ. ಪ್ರದೇಶವಾರು ಆರು ಪ್ರಯಾಣಿಕರ ಕಂಪನಿ, ಒಂದು ಸರಕಿನ ಕಂಪನಿ ಮಾಡಿದರು. ಆರು ಕಂಪನಿಗಳಿಗೂ ತಮ್ಮ ಪ್ರದೇಶದ ಹಳಿ ತಮ್ಮ ಕೈಯಲ್ಲೇ ಉಳಿಯಿತು. ಅಲ್ಲಿ ಬೇರೆ ಥರದ ತೊಂದರೆಗಳು ಬಂದವು, ಅದು ಬೇರೆ ಕಥೆ. ನಾನು ಹೇಳುವುದಿಷ್ಟೇ: ಒಡೆಯಲೇಬೇಕು ಅಂದರೂ ಗಾಲಿ, ಹಳಿ ನಡುವೆಯೇ ಒಡೆಯಬೇಕು ಅಂತೇನೂ ಇರಲಿಲ್ಲ.

ತಡಕ್ಕೆ ಬೆಲೆ ಕಟ್ಟಿದರು

ತುಂಡುಗಳನ್ನು ಮತ್ತೆ ಜೋಡಿಸಬೇಕಲ್ವಾ? ಅದಕ್ಕೆ ಕರಾರು ಬಂದವು. ಬ್ರಿಟನ್ ಮಾದರಿಯ ಜೀವಾಳ ಇರುವುದು ಇಲ್ಲೇ. ರೈಲು ಮೂರು ನಿಮಿಷ ಅಥವಾ ಜಾಸ್ತಿ ತಡವಾದರೆ ಅದು ಯಾರ ತಪ್ಪು ಅಂತ ಬರೆದುಕೊಳ್ಳಬೇಕು. ಸಿಗ್ನಲ್ ಕೆಟ್ಟರೆ ರೈಲ್‌ಟ್ರ್ಯಾಕ್ ದುಡ್ಡು ಕಟ್ಟಬೇಕು, ಇಂಜಿನ್ ಕೆಟ್ಟರೆ ರೈಲು ಕಂಪನಿ. ಕೆಲಸಕ್ಕಾಗಿ ದಾರಿ ಬಂದ್ ಮಾಡಿದರೂ, ನಮ್ಮ ರೈಲ್ವೆಯವರು ಬ್ಲಾಕ್ ಅನ್ನುತ್ತಾರಲ್ಲ ಅದಕ್ಕೂ, ಪರಿಹಾರದ ಲೆಕ್ಕ ಇತ್ತು. ಈ ಜಗಳ ಆಡುವುದಕ್ಕೆಂದೇ ಎರಡೂ ಕಡೆ ಸಂಬಳದ ಜನ ಇದ್ದರು. 2021ರಲ್ಲಿ ಸರ್ಕಾರವೇ ತಂದ ಸುಧಾರಣಾ ಯೋಜನೆಯ ಪ್ರಕಾರ ಆಗ ಅಂಥವರು ಸುಮಾರು 400. ಅವರ ಮುಂದೆ ಬಂದ ಒಂದು ವ್ಯಾಜ್ಯವನ್ನೂ ಆ ಯೋಜನೆ ಹೇಳುತ್ತದೆ. ಸಣ್ಣ ಹಕ್ಕಿಗೆ ರೈಲು ಡಿಕ್ಕಿ ಹೊಡೆದರೆ ತಪ್ಪು ರೈಲು ಕಂಪನಿಯದು, ದೊಡ್ಡ ಹಕ್ಕಿಯಾದರೆ ಹಳಿಯವರದು. ಹಾಗಾದರೆ ಫೆಸಂಟ್ ಅನ್ನುವ ಕಾಡುಕೋಳಿ ಸಣ್ಣದೋ ದೊಡ್ಡದೋ?

ನಗು ಬರುತ್ತದೆ ನಿಜ. ಆದರೆ ಇದರ ಹಿಂದಿನ ಯೋಚನೆ ಪೆದ್ದತನದ್ದಲ್ಲ. ತಪ್ಪಿಗೆ ಬೆಲೆ ಇದ್ದರೆ ತಪ್ಪು ಕಮ್ಮಿಯಾಗುತ್ತದೆ ಅನ್ನುವುದು ಒಪ್ಪುವ ಮಾತೇ. ತೊಂದರೆ ಏನೆಂದರೆ, ತಡವನ್ನು ನಿಮಿಷದಲ್ಲಿ ಎಣಿಸಬಹುದು, ಬಿರುಕಿನ ಅಪಾಯವನ್ನು ಹಾಗೆ ಎಣಿಸಲು ಬರುವುದಿಲ್ಲ. ಎಣಿಸಲು ಬರುವುದಕ್ಕೆ ಮಾತ್ರ ಬೆಲೆ ಬಂತು. ರೈಲನ್ನು ನಿಧಾನ ಮಾಡಿದರೆ ಇವತ್ತೇ ಬಿಲ್ ಬರುತ್ತದೆ. ಮಾಡದಿದ್ದರೆ? ಬಹುಶಃ ಏನೂ ಆಗುವುದಿಲ್ಲ.

1999ರಲ್ಲಿ ಇದಕ್ಕೆ ಮತ್ತೊಂದು ಒತ್ತಡ ಸೇರಿತು. ಹೊಸದಾಗಿ ಬಂದ ರೈಲು ನಿಯಂತ್ರಣಾಧಿಕಾರಿ ತಡ ಕಮ್ಮಿ ಮಾಡಿ ಅಂತ ರೈಲ್‌ಟ್ರ್ಯಾಕ್ ಬೆನ್ನು ಹತ್ತಿದರು. ಆ ವರ್ಷ ತಡವನ್ನು ಶೇ. 12.7ರಷ್ಟು ಇಳಿಸಬೇಕು, ಕಮ್ಮಿ ಬಿದ್ದ ಒಂದೊಂದು ಶೇಕಡಾಕ್ಕೂ 40 ಲಕ್ಷ ಪೌಂಡ್ ದಂಡ. ಅದೇ ಅಧಿಕಾರಿ ಅದೇ ವರ್ಷ, ಹಳಿ ಮುರಿಯುವುದು ಜಾಸ್ತಿಯಾಗಿದೆ ಅಂತಲೂ ಎಚ್ಚರಿಸಿದ್ದರು. 1998-99ರಲ್ಲಿ ದೇಶದಲ್ಲಿ ಮುರಿದ ಹಳಿಗಳ ಸಂಖ್ಯೆ 900 ದಾಟಿತ್ತು. ಎರಡೂ ಸರಿಯಾದ ಮಾತೇ. ಆದರೆ ಒಂದಕ್ಕೆ ದಂಡದ ಮೊತ್ತ ಬರೆದಿತ್ತು, ಇನ್ನೊಂದು ಎಚ್ಚರಿಕೆಯ ಪತ್ರವಾಗಿತ್ತು.

ತಿರುವಿನ ಹಳಿ

ಈಗ ಆ ತಿರುವಿಗೆ ಬರೋಣ. ಅಪಘಾತಕ್ಕೆ ಸುಮಾರು ಒಂದು ವರ್ಷ ಮೊದಲೇ ಅಲ್ಲಿನ ಬಿರುಕು ಗೊತ್ತಾಗಿತ್ತು. ನೋಡಿಕೊಳ್ಳುವ ಗುತ್ತಿಗೆ ಕಂಪನಿಯವರು ನೋಡಿದ್ದರು, ರೈಲ್‌ಟ್ರ್ಯಾಕ್‌ಗೂ ತಿಳಿದಿತ್ತು. ಈ ಪ್ರಕರಣದಲ್ಲಿ ಯಾರೂ ಕುರುಡರಾಗಿರಲಿಲ್ಲ. ಇದನ್ನು ಮತ್ತೆ ಮತ್ತೆ ನೆನಪಿಟ್ಟುಕೊಳ್ಳಬೇಕು.

ಮೊದಲ ತಿರುವಿನ ಗಳಿಗೆ ಅದೇ. "ಬದಲಾಯಿಸಬೇಕು" ಅಂತ ತೀರ್ಮಾನ ಆಯಿತು. ಒಳ್ಳೆಯ ತೀರ್ಮಾನ. ಆದರೆ ಆ ಮಾತು ಕಾಗದದ ಮೇಲೆ ಬಂದ ಕೂಡಲೇ ಎಲ್ಲರ ಎದೆಯ ಭಾರ ಇಳಿಯಿತು ಅನ್ನಿಸುತ್ತದೆ. ಹಳಿ ಈಗ "ಕೆಟ್ಟ ಹಳಿ" ಆಗಿ ಉಳಿಯಲಿಲ್ಲ, "ಬದಲಾಯಿಸಲಿರುವ ಹಳಿ" ಆಯಿತು. ಕಾಗದದಲ್ಲಿ ಅದು ರಿಪೇರಿಯಾದಂತೆಯೇ. ಹಳಿಗೆ ಮಾತ್ರ ಆ ಕಾಗದ ಓದಲು ಬರುವುದಿಲ್ಲ.

ಎರಡನೆಯ ಗಳಿಗೆ ಏಪ್ರಿಲ್. ಹೊಸ ಹಳಿ ಬಂದು ಪಕ್ಕದಲ್ಲಿ ಬಿತ್ತು. ಹಾಕಬೇಕಾದರೆ ಬ್ಲಾಕ್ ಬೇಕು. ದೇಶದ ಅತಿ ವೇಗದ, ಅತಿ ದಟ್ಟಣೆಯ ದಾರಿಗಳಲ್ಲಿ ಅದೊಂದು. ಹಿಂದೆ ಸರ್ಕಾರಿ ರೈಲ್ವೆಯಾಗಿದ್ದಾಗ ಅದೇ ಭಾಗದ ಇಂಜಿನಿಯರ್ ಅದೇ ಭಾಗದ ರೈಲು ಓಡಾಟ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಬೈದೋ ಬೇಡಿಕೊಂಡೋ, ಒಂದು ರಾತ್ರಿ ಕಿತ್ತುಕೊಳ್ಳುವುದಕ್ಕೆ ಆಗುತ್ತಿತ್ತು. ಈಗ ಬ್ಲಾಕ್ ಅನ್ನುವುದು ಕಂಪನಿ ಕಂಪನಿಗಳ ನಡುವಿನ ವ್ಯವಹಾರ. ಹಳಿ ನೋಡುವವರು ಒಂದು ಕಂಪನಿ, ಬದಲಾಯಿಸುವವರು ಇನ್ನೊಂದು, ದಾರಿ ಬಿಟ್ಟುಕೊಡಬೇಕಾದವರು ರೈಲು ಕಂಪನಿ, ನಡುವೆ ರೈಲ್‌ಟ್ರ್ಯಾಕ್. ಇಷ್ಟೂ ಜನರ ಕ್ಯಾಲೆಂಡರ್ ಒಂದೇ ರಾತ್ರಿಗೆ ಕೂಡಬೇಕು. ಕೂಡಲಿಲ್ಲ. ಕೆಲಸ ಮುಂದೆ ಹೋಯಿತು, ಮತ್ತೂ ಮುಂದೆ ಹೋಯಿತು.

ಮೂರನೆಯ ಗಳಿಗೆಯನ್ನು ಗಳಿಗೆ ಅನ್ನುವುದೂ ಕಷ್ಟ, ಯಾಕೆಂದರೆ ಅದು ನಡೆಯಲೇ ಇಲ್ಲ. ಹಳಿ ಬದಲಾಗುವ ತನಕ ಅಲ್ಲಿ ವೇಗ ಇಳಿಸಬೇಕಾಗಿತ್ತು. ಅದಕ್ಕೆ ಒಂದು ಆದೇಶ, ಹಳಿ ಪಕ್ಕದಲ್ಲಿ ಒಂದು ಬೋರ್ಡ್ ಸಾಕು. ಹೊಸ ಹಳಿ ಬೇಡ, ಕ್ರೇನ್ ಬೇಡ, ಬ್ಲಾಕ್ ಬೇಡ. ತನಿಖಾ ಮಂಡಳಿ ಕೊನೆಗೆ ಬೆರಳಿಟ್ಟು ತೋರಿಸಿದ್ದೂ ಇದನ್ನೇ: ತುರ್ತು ವೇಗಮಿತಿ ಹಾಕಿದ್ದರೆ ಈ ಅಪಘಾತ ತಪ್ಪುತ್ತಿತ್ತು. ಹಾಕುವ ಅಧಿಕಾರ ಒಬ್ಬರಿಗಲ್ಲ, ಎರಡೂ ಕಡೆಯವರಿಗೆ ಇತ್ತು. ನನ್ನ ಅನುಮಾನ, ಎರಡೂ ಕಡೆ ಇದ್ದದ್ದೇ ತೊಂದರೆಯಾಯಿತು ಅಂತ. ಹಳಿ ನೋಡುವವರಿಗೆ "ನಾವು ಹೇಳಿ ಆಗಿದೆ, ಹಳಿ ಅವರದು" ಅನ್ನಿಸಿರಬಹುದು. ಹಳಿಯ ಯಜಮಾನರಿಗೆ "ಅಷ್ಟು ಕೆಟ್ಟಿದ್ದರೆ ಅಲ್ಲಿರುವವರು ನಿಧಾನ ಮಾಡಿಸುತ್ತಿದ್ದರಲ್ಲ" ಅನ್ನಿಸಿರಬಹುದು. ದುಡ್ಡು ಉಳಿಸಲು ರೈಲನ್ನು ಜೋರಾಗಿ ಬಿಡಿ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಸುಮ್ನೆ ಇರುವುದೇ ಪ್ರತಿ ಮೇಜಿಗೂ ಎಲ್ಲಕ್ಕಿಂತ ಅಗ್ಗದ ದಾರಿಯಾಗಿತ್ತು.

ಅಕ್ಟೋಬರ್ 17. ಲಂಡನ್ ಕಿಂಗ್ಸ್ ಕ್ರಾಸ್‌ನಿಂದ 12:10ಕ್ಕೆ ಲೀಡ್ಸ್‌ಗೆ ಹೊರಟ ರೈಲು ಹದಿಮೂರು ನಿಮಿಷಕ್ಕೆ ಆ ತಿರುವಿಗೆ ಬಂತು. ಇಂಜಿನ್ ಮತ್ತು ಮೊದಲ ಎರಡು ಬೋಗಿ ಹಳಿಯ ಮೇಲೇ ಉಳಿದವು. ಹಿಂದಿನವು ಇಳಿದವು. ಊಟದ ಬೋಗಿ ಮಗುಚಿಕೊಂಡು ವಿದ್ಯುತ್ ಕಂಬಕ್ಕೆ ಬಡಿಯಿತು. ಅದರಲ್ಲಿದ್ದ ನಾಲ್ವರು ಸತ್ತರು, 70ಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಆಮೇಲೆ ತನಿಖೆಯವರು ಹೆಕ್ಕಿ ಜೋಡಿಸಿದಾಗ ಆ ಹಳಿಯ 300ಕ್ಕೂ ಹೆಚ್ಚು ಚೂರು ಸಿಕ್ಕವು. ಹೊಸ ಹಳಿ ಪಕ್ಕದಲ್ಲಿ ಹಾಗೇ ಇತ್ತು.

ಗೊತ್ತಿಲ್ಲದ್ದಕ್ಕೆ ತೆತ್ತ ಬೆಲೆ

ನಾಲ್ಕು ಸಾವಿನ ಅಪಘಾತ ಒಂದು ದೇಶದ ರೈಲ್ವೆ ಮಾದರಿಯನ್ನೇ ಕೆಡವಿತು ಅಂದರೆ ಆಶ್ಚರ್ಯ ಅನ್ನಿಸಬಹುದು. ಒಂದೇ ವರ್ಷದ ಹಿಂದೆ, 1999ರ ಅಕ್ಟೋಬರ್ 5ರಂದು, ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ ರೈಲುಗಳು ಡಿಕ್ಕಿಯಾಗಿ 31 ಜನ ಸತ್ತಿದ್ದರು. ಆಗ ಕಂಪನಿ ಬೀಳಲಿಲ್ಲ. ಹ್ಯಾಟ್‌ಫೀಲ್ಡ್‌ನಲ್ಲಿ ಬೀಳಿಸಿದ್ದು ಮರುದಿನ ಎದ್ದ ಪ್ರಶ್ನೆ: ಇಂಥ ಹಳಿ ಇನ್ನೆಲ್ಲೆಲ್ಲಿ ಇದೆ?

ಅದಕ್ಕೆ ನಂಬುವಂಥ ಉತ್ತರ ಕಂಪನಿಯ ಹತ್ತಿರ ಇರಲಿಲ್ಲ. ಹಳಿಯ ಯಜಮಾನರ ಬಳಿ ತಮ್ಮ ಹಳಿಯ ಸ್ಥಿತಿ ಹೇಳುವ ಸರಿಯಾದ ಪಟ್ಟಿಯೇ ಇರಲಿಲ್ಲ. ಅಂಥ ಪಟ್ಟಿ ಮಾಡಿ ಅಂತ ನಿಯಂತ್ರಣಾಧಿಕಾರಿ ಆಮೇಲೆ ಲೈಸೆನ್ಸ್‌ನಲ್ಲೇ ಷರತ್ತು ಹಾಕಬೇಕಾಯಿತು. ತಿಳಿವಳಿಕೆ ಎಲ್ಲಿತ್ತು? ಹಳಿ ಗುಂಟ ನಡೆಯುವ ಗುತ್ತಿಗೆಯ ಕೆಲಸಗಾರರ ತಲೆಯಲ್ಲಿ, ಏಳು ಕಂಪನಿಗಳ ಕಡತಗಳಲ್ಲಿ, ಮಾರಿಹೋದ ಸಂಶೋಧನಾ ಕೇಂದ್ರದಲ್ಲಿ. ಹಾಗಾಗಿ ಕೈಲಾದದ್ದು ಒಂದೇ. ಅನುಮಾನ ಬಂದ ಕಡೆಯಲ್ಲೆಲ್ಲ ವೇಗಮಿತಿ ಹಾಕಿದರು. ದೇಶದಾದ್ಯಂತ 1,200ಕ್ಕೂ ಹೆಚ್ಚು ಕಡೆ, ಕೆಲವು ಕಡೆ ಗಂಟೆಗೆ ಬರೀ 20 ಮೈಲಿ. ಒಂದು ತಿರುವಿನಲ್ಲಿ ಒಂದು ಬೋರ್ಡ್ ಹಾಕದವರು ಈಗ ಇಡೀ ದೇಶವನ್ನೇ ನಿಧಾನ ಮಾಡಬೇಕಾಯಿತು. ಇದು ಅತಿಯಾಯಿತು ಅಂತ ಆಗಲೇ ಹೇಳಿದ ತಜ್ಞರಿದ್ದರು. ಇರಬಹುದು. ಆದರೆ ಯಾವ ಹಳಿ ಕೆಟ್ಟಿದೆ ಅಂತ ಗೊತ್ತಿಲ್ಲದವರಿಗೆ ಎಲ್ಲ ಹಳಿಯೂ ಕೆಟ್ಟದ್ದೇ.

ತಿಂಗಳುಗಟ್ಟಲೆ ವೇಳಾಪಟ್ಟಿ ಅನ್ನುವುದೇ ಇರಲಿಲ್ಲ. ಜನ ಕಾರು, ವಿಮಾನ ಹಿಡಿದರು. ತಡಕ್ಕೆ ದುಡ್ಡು ಕಟ್ಟುವ ಕರಾರು ಈಗ ರೈಲ್‌ಟ್ರ್ಯಾಕ್ ಮೇಲೇ ತಿರುಗಿಬಿತ್ತು. ಪ್ರತಿ ವೇಗಮಿತಿಯ ಪ್ರತಿ ನಿಮಿಷಕ್ಕೂ ಬಿಲ್. 2001ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಕಂಪನಿ ತೋರಿಸಿದ ನಷ್ಟ 53.4 ಕೋಟಿ ಪೌಂಡ್. ಸರ್ಕಾರ 150 ಕೋಟಿ ಪೌಂಡ್ ಕೊಡಲು ಒಪ್ಪಿತು. ಆ ಮೇ ತಿಂಗಳಲ್ಲಿ ಕಂಪನಿ ಷೇರುದಾರರಿಗೆ 13.7 ಕೋಟಿ ಪೌಂಡ್ ಲಾಭಾಂಶ ಹಂಚಿತು! ಕಾನೂನಿನ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ. ಆದರೆ ಜನರ ಮನಸ್ಸಲ್ಲಿ ಈ ಮಾದರಿ ಸತ್ತದ್ದು ಆ ದಿನವೇ ಅಂತ ನನಗನ್ನಿಸುತ್ತದೆ.

1996ರ ಮೇನಲ್ಲಿ 3.80 ಪೌಂಡ್‌ಗೆ ಜನರ ಕೈಗೆ ಬಂದ ಷೇರು 1998ರ ನವೆಂಬರ್‌ನಲ್ಲಿ 17.68 ಪೌಂಡ್ ಮುಟ್ಟಿತ್ತು. ಹಳಿ ಮುರಿಯುವುದು 900 ದಾಟಿದ್ದೂ ಅದೇ ಹೊತ್ತಿನಲ್ಲಿ ಅನ್ನುವುದನ್ನು ಪಕ್ಕಪಕ್ಕ ಇಟ್ಟು ನೋಡಿ. 2001ರ ಅಕ್ಟೋಬರ್ 7ರಂದು ಸರ್ಕಾರದ ಅರ್ಜಿಯ ಮೇಲೆ ಕೋರ್ಟ್ ರೈಲ್‌ಟ್ರ್ಯಾಕ್ ಅನ್ನು, ದಿವಾಳಿಯಾದ ಕಂಪನಿಗಳನ್ನು ನೋಡಿಕೊಳ್ಳುವ ಆಡಳಿತಾಧಿಕಾರಿಗಳಿಗೆ ವಹಿಸಿತು. ಮುಂದಿನ ವರ್ಷದ ಅಕ್ಟೋಬರ್‌ನಲ್ಲಿ, ಲಾಭ ಹಂಚದ ನೆಟ್‌ವರ್ಕ್ ರೈಲ್ ಅನ್ನುವ ಸಂಸ್ಥೆ ಹಳಿಗಳನ್ನು ತೆಗೆದುಕೊಂಡಿತು.

ಕೋರ್ಟಿನ ಕಥೆ ಚಿಕ್ಕದು. ಹಲವು ಮ್ಯಾನೇಜರ್‌ಗಳ ಮೇಲೆ ಕೇಸ್ ಆಯಿತು, ಒಬ್ಬರಿಗೂ ಶಿಕ್ಷೆಯಾಗಲಿಲ್ಲ. 2005ರಲ್ಲಿ ನೋಡಿಕೊಳ್ಳುವ ಗುತ್ತಿಗೆ ಕಂಪನಿ ಸುರಕ್ಷತಾ ಕಾನೂನು ಮುರಿದದ್ದನ್ನು ಒಪ್ಪಿಕೊಂಡಿತು, 1 ಕೋಟಿ ಪೌಂಡ್ ದಂಡ ಬಿತ್ತು, ಮೇಲ್ಮನವಿಯಲ್ಲಿ ಅದು 75 ಲಕ್ಷಕ್ಕೆ ಇಳಿಯಿತು. ರೈಲ್‌ಟ್ರ್ಯಾಕ್ ಪರವಾಗಿ ನೆಟ್‌ವರ್ಕ್ ರೈಲ್ 35 ಲಕ್ಷ ಕಟ್ಟಿತು. ತಪ್ಪು ಇಷ್ಟು ತೆಳ್ಳಗೆ ಹಂಚಿಹೋದಾಗ ಒಬ್ಬ ಮನುಷ್ಯನ ಮೇಲೆ ಅಪರಾಧ ನಿಲ್ಲುವಷ್ಟು ದಪ್ಪ ಎಲ್ಲೂ ಉಳಿಯುವುದಿಲ್ಲ.

ಕತ್ತರಿ ಹಾಕುವ ಮುಂಚೆ ಕೇಳಬೇಕಾದ್ದು

ನನ್ನ ಮಟ್ಟಿಗೆ ಈ ಪ್ರಕರಣದ ಮುಖ್ಯ ಪಾಠ ಇರುವುದು ಒಡೆತನಕ್ಕಿಂತ ಹೆಚ್ಚಾಗಿ ಕರಾರಿನ ಬಗ್ಗೆ. ಒಂದು ವ್ಯವಸ್ಥೆಯಲ್ಲಿ ದಿನವೂ ಫೋನಿನಲ್ಲಿ, ಜಗಳದಲ್ಲಿ, ಸಲಿಗೆಯಲ್ಲಿ ನಡೆದುಹೋಗುವ ಕೆಲಸ ಬೇಕಾದಷ್ಟು ಇರುತ್ತದೆ. ಅದು ಯಾರ ಹುದ್ದೆಯ ವಿವರಣೆಯಲ್ಲೂ ಇರುವುದಿಲ್ಲ. ತುಂಡು ಮಾಡುವಾಗ ಬರೆದಿಟ್ಟ ಕೆಲಸ ಹಂಚಿಹೋಗುತ್ತದೆ, ಬರೆಯದ ಕೆಲಸ ನೆಲಕ್ಕೆ ಬೀಳುತ್ತದೆ. ಗಾಲಿ, ಹಳಿ ನಡುವಿನ ತಿಳಿವಳಿಕೆ ಹಾಗೆ ಬಿದ್ದ ಕೆಲಸ.

ಖಾಸಗೀಕರಣ ಸರಿಯಾಗೇ ಇತ್ತು ಅಂತ ಎದುರು ವಾದ ಮಾಡುವವರ ಮಾತಿಗೂ ತೂಕವಿದೆ. ಫ್ರಾಂಚೈಸಿ ಕಾಲದಲ್ಲಿ ಪ್ರಯಾಣಿಕರು ಬಿಟ್ಟುಹೋಗಲಿಲ್ಲ. 1994-95ರಲ್ಲಿ ಸುಮಾರು 73 ಕೋಟಿ ಇದ್ದ ವರ್ಷದ ಪ್ರಯಾಣಗಳು 2018-19ಕ್ಕೆ 170 ಕೋಟಿ ದಾಟಿದವು. ಎಷ್ಟು ಪಾಲು ಖಾಸಗಿಯಿಂದ, ಎಷ್ಟು ಲಂಡನ್ನಿನ ಬೆಳವಣಿಗೆಯಿಂದ ಅಂತ ಜಗಳ ಇನ್ನೂ ಮುಗಿದಿಲ್ಲ. ಆದರೆ ಇದೇ ಬೆಳವಣಿಗೆಯೇ ಹಳಿಯ ಮೇಲೆ ಭಾರ ಹಾಕಿತು ಅನ್ನುವುದನ್ನು ಮರೆಯಬಾರದು. ರೈಲು ಜಾಸ್ತಿಯಾದಷ್ಟೂ ಹಳಿ ಬೇಗ ಸವೆಯುತ್ತದೆ, ಬ್ಲಾಕ್ ಸಿಗುವುದೂ ಕಷ್ಟವಾಗುತ್ತದೆ. 1990ರ ದಶಕದ ಮೊದಲಲ್ಲಿ ಯೋಜನೆ ಹಾಕಿದವರು ರೈಲ್ವೆ ಕುಗ್ಗುತ್ತಾ ಹೋಗುತ್ತದೆ ಅಂದುಕೊಂಡಿದ್ದರು. ಹಳಿ ನೋಡಿಕೊಳ್ಳುವ ಗುತ್ತಿಗೆಯ ಮೊತ್ತ ವರ್ಷ ವರ್ಷ ಇಳಿಯುವಂತೆ ಬರೆದದ್ದೂ ಅದೇ ನಂಬಿಕೆಯಿಂದ ಇರಬೇಕು.

ನೆಟ್‌ವರ್ಕ್ ರೈಲ್ ಮಾಡಿದ ದೊಡ್ಡ ತೀರ್ಮಾನ ಒಂದೇ. 2003ರ ಅಕ್ಟೋಬರ್‌ನಲ್ಲಿ, ಹಳಿ ನೋಡಿಕೊಳ್ಳುವ ಕೆಲಸವನ್ನು ಗುತ್ತಿಗೆಯಿಂದ ಬಿಡಿಸಿ ತಾನೇ ಮಾಡುವುದಾಗಿ ಹೇಳಿತು. ಹೊಸ ಹಳಿ ಹಾಕುವ ಕೆಲಸ ಗುತ್ತಿಗೆಯಲ್ಲೇ ಉಳಿಯಿತು. ನೋಡುವ ಕಣ್ಣು ಮಾತ್ರ ಮನೆಯದಾಗಿರಬೇಕು ಅನ್ನುವ ಲೆಕ್ಕ. ಇದು ನನಗೆ ಇಡೀ ಕಥೆಯಲ್ಲೇ ಜಾಣತನದ ಹೆಜ್ಜೆಯಾಗಿ ಕಾಣುತ್ತದೆ. ಎಲ್ಲವನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ, ಯಾವುದನ್ನು ಬಿಡಬಾರದಾಗಿತ್ತೋ ಅದನ್ನು ತೆಗೆದುಕೊಂಡರು. 2014ರಲ್ಲಿ ಆ ಸಂಸ್ಥೆಯನ್ನು ಸರ್ಕಾರದ ಲೆಕ್ಕಕ್ಕೇ ಸೇರಿಸಿದರು. 2024ರ ಕಾಯ್ದೆಯಿಂದ ರೈಲು ಓಡಿಸುವ ಕೆಲಸವೂ ಒಂದೊಂದಾಗಿ ಸರ್ಕಾರಕ್ಕೆ ಮರಳುವುದು ಶುರುವಾಯಿತು.

ಆ ಕಾಯ್ದೆಯ ಪ್ರಕಾರ ಮೊದಲು ವಾಪಸ್ ಬಂದದ್ದು ಲಂಡನ್ನಿನ ನೈರುತ್ಯ ಭಾಗದ ರೈಲುಗಳು, 2025ರ ಮೇ 25ರಂದು. ಮುಂಜಾನೆ 5:36ಕ್ಕೆ ವೋಕಿಂಗ್‌ನಿಂದ ವಾಟರ್ಲೂ ಕಡೆ ಹೊರಟ ಪ್ರಯಾಣಿಕರನ್ನು ದಾರಿಯ ಸ್ವಲ್ಪ ದೂರ ಬಸ್ಸಿನಲ್ಲಿ ಕರೆದೊಯ್ದರು. 1996ರ ಬಸ್ಸನ್ನು ನೆನೆಸಿಕೊಂಡು ಪತ್ರಿಕೆಗಳು ಗೇಲಿ ಮಾಡಿದವು. ಬಸ್ ಬಿಡಲು ಕಾರಣ ಹಳಿ ಕೆಲಸ. ಅದಕ್ಕಾಗಿ ಅವತ್ತು ದಾರಿ ಬಂದ್ ಮಾಡಿದ್ದರು.